ಲೈಸೆನ್ಸ್ ಇದ್ದಷ್ಟು ದೂರ

ಕಳ್ಳತನ ಮಾಡುವುದಕ್ಕೆ ಲೈಸೆನ್ಸ್ ಬೇಕಿಲ್ಲ, ವಿಮೆ ಬೇಕಿಲ್ಲ, ತರಬೇತಿ ಪಡೆದ ಸರ್ಟಿಫಿಕೇಟಂತೂ ಬೇಡವೇ ಬೇಡ. ಕಳ್ಳ ಬರದಂತೆ ಕಾಯುವವನಿಗೆ ಮಾತ್ರ ಇವೆಲ್ಲ ಬೇಕು. ಈ ಒಂದು ಏರುಪೇರಿನಿಂದಲೇ ನಮ್ಮಂಥ ಸೆಕ್ಯೂರಿಟಿ ಏಜೆನ್ಸಿಗಳಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಆಗದ ದಿನ ನಾನೇ ಸ್ವಲ್ಪ ಕೈ ಹಾಕಿ ಆಗಿಸುತ್ತೇನೆ, ಅದು ಬೇರೆ ಮಾತು.

ನಾನು ಚಿತ್ರದುರ್ಗದ ಒಂದು ಸಣ್ಣ ಸೆಕ್ಯೂರಿಟಿ ಏಜೆನ್ಸಿಯ ಸೂಪರ್‌ವೈಸರ್. ಸಣ್ಣದು ಅಂದರೆ, ಕೋಟೆಗೆ ಹೋಗುವ ದಾರಿಯಲ್ಲಿ ಬಟ್ಟೆ ಅಂಗಡಿಯ ಮೇಲೆ ಒಂದು ರೂಮು, ಅದರಲ್ಲಿ ಒಂದು ಫ್ಯಾನು, ಗೋಡೆಗೆ ಚೌಕಟ್ಟು ಹಾಕಿಸಿ ನೇತುಹಾಕಿದ ಲೈಸೆನ್ಸು. ಲೈಸೆನ್ಸು ಬಂದವರ ಕಣ್ಣಿಗೆ ಕಾಣುವ ಹಾಗೆ ಇರಬೇಕು ಅಂತ ಕಾನೂನಿದೆ. ಫ್ಯಾನು ತಿರುಗಬೇಕು ಅಂತ ಕಾನೂನಿಲ್ಲ.

ಮಾಲೀಕರನ್ನು ನಾವೆಲ್ಲ 'ಭಾಯ್' ಅಂತಲೇ ಕರೆಯುವುದು. ಅವರದು ತಲೆತಲಾಂತರದಿಂದ ದುರ್ಗದಲ್ಲಿರುವ ದರ್ಜಿಗಳ ಮನೆತನ. ಪಾಳೇಗಾರರ ದರ್ಬಾರಿಗೆ ಅಂಗಿ ಹೊಲಿದವರು ನಮ್ಮ ಹಿರಿಯರೇ ಅಂತ ಭಾಯ್ ಹೇಳುತ್ತಾರೆ. ಗುಂಡಿ ಸರಿಯಿಲ್ಲ ಅಂತ ಪಾಳೇಗಾರರು ವಾಪಸ್ ಕಳಿಸಿದ್ದರು ಅಂತ ನಾನು ಸೇರಿಸುತ್ತೇನೆ. ಭಾಯ್ ಮೊದಲು ಬೇರೆ ಬೇರೆ ಏಜೆನ್ಸಿಗಳ ವಾಚ್‌ಮನ್‌ಗಳಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದರು. ಒಂದು ದಿನ, "ಅಂಗಿ ನಾನೇ ಹೊಲಿತೀನಿ. ಅದರೊಳಗೆ ಮನುಷ್ಯನ್ನೂ ನಾನೇ ಯಾಕೆ ಹಾಕಬಾರದು?" ಅಂತ ತಲೆಗೆ ಬಂತು. ಬಂದ ಮೇಲೆ ಇಳಿಯಲಿಲ್ಲ.

ಅವರ ಅಣ್ಣನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ಹೋಗು, ಆಡ್ಕೊಂಡು ಬಾ. ಐದು ವರ್ಷಕ್ಕೆ ಲೈಸೆನ್ಸ್ ಮುಗೀತದಲ್ಲ, ಆವಾಗ ಇಲ್ಲಿಗೇ ಬರ್ತೀಯ. ನಂಗೂ ಕಾಜಾ ಹಾಕಕ್ಕೆ ಒಬ್ಬ ಬೇಕು" ಅಂದಿದ್ದರಂತೆ. ಗುಂಡಿಯ ತೂತಿಗೆ ಸುತ್ತ ದಾರ ಹಾಕುತ್ತ, ಅಣ್ಣನ ಬಾಯಿಂದ 'ನಾನು ಮೊದಲೇ ಹೇಳಿದ್ನಲ್ಲ' ಕೇಳುತ್ತ ಉಳಿದ ಆಯುಷ್ಯ ಕಳೆಯುವುದು ಭಾಯ್‌ಗೆ ನರಕಕ್ಕಿಂತ ದೊಡ್ಡ ಭಯ.

ಆ ಐದು ವರ್ಷ ಮುಗಿಯುತ್ತ ಬಂತು. ಅದೇ ಹೊತ್ತಿಗೆ ಹೊಳಲ್ಕೆರೆ ಆಚೆಯ ಗುಡ್ಡದ ಮೇಲಿರುವ ಗಾಳಿಯಂತ್ರಗಳನ್ನು ಕಾಯುವ ದೊಡ್ಡ ಕೆಲಸವೊಂದು ಒದಗಿ ಬಂತು. "ಹೊಸ ಲೈಸೆನ್ಸು, ವಿಮೆ ಪಾಲಿಸಿ, ಎರಡೂ ತೋರಿಸಿದ್ರೆ ಕೆಲಸ ನಿಮ್ದು. ಇಲ್ಲಾಂದ್ರೆ ಬೆಂಗಳೂರಿನ ಏಜೆನ್ಸಿ ಒಂದು ಕಾಯ್ತಾ ಐತೆ" ಅಂದರು ಗಾಳಿಯಂತ್ರದ ಕಂಪನಿಯವರು. ಸಿಕ್ಕರೆ ಗಾರ್ಡುಗಳೆಲ್ಲ ನೆಮ್ಮದಿಯಾಗಿ ಇರುತ್ತಾರೆ. ಸಿಗದಿದ್ದರೆ ಅವರೆಲ್ಲ ಊರಿಗೆ, ಭಾಯ್ ಕಾಜಾಕ್ಕೆ, ನಾನು ಎಲ್ಲಿಗೆ ಅಂತ ನನ್ನ ಹೆಂಡತಿಯನ್ನೇ ಕೇಳಬೇಕು.

ಆ ಲೈಸೆನ್ಸಿಗಾಗಿ ನಾವು ಪಟ್ಟ ಪಾಡು ಇದು. ಎಲ್ಲ ನಡೆದದ್ದೇ. ನಡೆದದ್ದಕ್ಕಿಂತ ಸ್ವಲ್ಪ ಚೆನ್ನಾಗಿ ನಡೆದಿರಬಹುದು, ಅಷ್ಟೆ.

ಪೊಲೀಸರ ಹಾಗೆ ಕಾಣಬಾರದು

ಗಾರ್ಡುಗಳ ಯೂನಿಫಾರ್ಮ್ ಪೊಲೀಸರದ್ದನ್ನಾಗಲಿ ಮಿಲಿಟರಿಯವರದ್ದನ್ನಾಗಲಿ ಹೋಲಬಾರದು ಅಂತ ಒಂದು ನಿಯಮ. ನಮ್ಮ ಹಳೇ ಯೂನಿಫಾರ್ಮ್ ಒಗೆದು ಒಗೆದು ಖಾಕಿಯ ಹತ್ತಿರ ಹತ್ತಿರ ಬಂದಿತ್ತು. "ಬದಲಾಯಿಸಾಣ, ಯಾರೂ ಬೆರಳು ತೋರಿಸಬಾರದು, ಹಂಗೆ ಹೊಲಿತೀನಿ" ಅಂತ ಭಾಯ್ ಮತ್ತೆ ಮೆಷಿನ್ ಮುಂದೆ ಕುಂತರು.

ದರ್ಜಿಯ ಕೈಗೆ ಸಾದಾ ಅಂಗಿ ಹೊಲಿಯುವುದು ಅವಮಾನ. ಮೆರೂನ್ ಬಟ್ಟೆ ತಂದರು. ಕಾಲರಿಗೆ ಜರಿ ಪಟ್ಟಿ. ಭುಜಕ್ಕೆ ಚಿನ್ನದ ಬಣ್ಣದ ಕುಚ್ಚು. ಎದೆಗೆ ಅಡ್ಡಡ್ಡ ಹುರಿ. ಪೊಲೀಸರ ಹಾಗೆ ಅಂತೂ ಕಾಣುತ್ತಿರಲಿಲ್ಲ, ಅದು ಖಂಡಿತ.

ಮೊದಲ ಜೊತೆ ಹಾಕಿಕೊಂಡ ಇಬ್ಬರು ಗಾರ್ಡುಗಳನ್ನು ಹೊಸದುರ್ಗದ ಒಂದು ಕಲ್ಯಾಣ ಮಂಟಪಕ್ಕೆ ಕಳಿಸಿದೆವು. ಗಂಡಿನ ಕಡೆಯವರು ಬಾಗಿಲಿಗೆ ಬರುವ ಹೊತ್ತು. ಹೆಣ್ಣಿನ ಕಡೆಯ ಯಜಮಾನರೊಬ್ಬರು ಓಡಿ ಬಂದು ಇವರ ಮೇಲೆ ರೇಗಿದರು. "ಏನ್ರಪ್ಪ, ಕೈ ಕಟ್ಕಂಡು ನಿಂತೀರಿ? ಬೀಗರು ಬಂದ್ರು, ಬಾರಿಸ್ರಿ!"

"ನಾವು ಸೆಕ್ಯೂರಿಟಿ ಸಾರ್."

"ಸೆಕ್ಯೂರಿಟಿ ಆಮೇಲೆ ಮಾಡೀರಂತೆ, ಮೊದಲು ಬಾರಿಸ್ರಿ!"

ನಿಜವಾದ ಬ್ಯಾಂಡ್‌ಸೆಟ್ಟಿನವರ ಡ್ರಮ್ಮು ಲಗೇಜ್ ಆಟೋದಲ್ಲಿ ಮೊದಲೇ ಬಂದು ಬಾಗಿಲ ಪಕ್ಕದಲ್ಲಿ ಕುಂತಿತ್ತು. ಬಾರಿಸುವವರ ವ್ಯಾನು ದಾರಿಯಲ್ಲಿ ಪಂಕ್ಚರ್ ಆಗಿತ್ತು. ನಾನು ಅಲ್ಲೇ ರೌಂಡ್ಸಿಗೆ ಬಂದಿದ್ದೆ. ಯಜಮಾನರು ನನ್ನ ಕಡೆ ತಿರುಗಿ, "ಇವರು ನಿಮ್ಮವರೇನ್ರಿ? ಬಾರಿಸಲ್ಲ ಅಂತಾರಲ್ಲ!" ಅಂದರು.

ನಾನು ನಿಜ ಹೇಳಬಹುದಿತ್ತು. "ನಾಚ್ಕೆ ಜಾಸ್ತಿ ಅವ್ರಿಗೆ. ಸ್ವಲ್ಪ ಒತ್ತಾಯ ಮಾಡ್ರಿ" ಅಂದೆ.

ಯಜಮಾನರು ಒತ್ತಾಯ ಮಾಡಿದರು. ಒಬ್ಬ ಗಾರ್ಡು ಡ್ರಮ್ಮು ಕೊರಳಿಗೆ ಹಾಕಿಕೊಂಡ. ಇನ್ನೊಬ್ಬ ಬಾಯಲ್ಲಿದ್ದ ಸೀಟಿಯನ್ನೇ ಊದಿದ. ಬೀಗರು ಕುಣಿದುಕೊಂಡೇ ಒಳಗೆ ಬಂದರು.

ಮಾರನೇ ದಿನ ಮಂಟಪದ ಮಾಲೀಕರ ಫೋನು. ಭಾಯ್ ಎತ್ತಿದರು. ಆ ಕಡೆಯಿಂದ, "ಮುಂದಿನ ಮದುವೆಗೂ ಅದೇ ಸೆಟ್ ಕಳಸ್ರಿ, ಜನಕ್ಕೆ ಭಾಳ ಹಿಡಿಸೈತೆ. ಆದ್ರೆ ಜೊತೆಗೆ ಇಬ್ರು ಸೆಕ್ಯೂರಿಟಿಯವ್ರನ್ನೂ ಕಳಸ್ರಿ ಮತ್ತೆ. ನಿನ್ನೆ ಬಾಗ್ಲಲ್ಲಿ ಯಾರೂ ಇರ್ಲಿಲ್ಲ, ಬೀಗರ ಚಪ್ಲಿಯೆಲ್ಲ ಹೋಗ್ಯಾವೆ!"

ಭಾಯ್ ಕಣ್ಣೀರು ಹಾಕುತ್ತ ಜರಿ ಬಿಚ್ಚಿದರು.

ನಡತೆ ಹೇಗಿದೆ?

ಪ್ರತಿಯೊಬ್ಬ ಗಾರ್ಡಿನ ಪೂರ್ವಾಪರವನ್ನೂ ಪೊಲೀಸರು ವಿಚಾರಿಸಿ ಒಪ್ಪಬೇಕು. ನಮ್ಮಲ್ಲಿ ಜವನಗೊಂಡನಹಳ್ಳಿ ಕಡೆಯ ಒಬ್ಬ ಗಾರ್ಡ್ ಇದ್ದಾನೆ. ಕುರಿ ಸಾಕುವ ಮನೆಯವನು, ನಲವತ್ತರ ಆಸುಪಾಸು, ಮುಖಕ್ಕಿಂತ ಮೀಸೆಯೇ ಅಗಲ. ನಾವು 'ಮೀಸೆ' ಅಂತಲೇ ಕರೆಯುತ್ತೇವೆ. ಮನೆಯಲ್ಲಿ ಹೆಂಡತಿ, ಮಕ್ಕಳು, ಕುರಿ. ಹೆದರುವುದು ಮೊದಲನೆಯವರಿಗೆ ಮಾತ್ರ.

ಅವನ ಊರಿಗೆ ವಿಚಾರಣೆಗೆ ಹೊರಟ ಕಾನ್‌ಸ್ಟೇಬಲ್ ಹೊಸಬರು, ಮೆತ್ತನೆ ಮನುಷ್ಯ. ನನ್ನನ್ನು ಸಲಹೆ ಕೇಳಿದರು. ಅದೇ ಅವರು ಮಾಡಿದ ತಪ್ಪು. "ಸಾರ್, ಯೂನಿಫಾರ್ಮ್‌ನಾಗೆ ಹೋದ್ರೆ ಹಳ್ಳಿಯೋರು ಬಾಯಿ ಬಿಡಲ್ಲ. ಬಿಳಿ ಅಂಗಿ ಹಾಕ್ಕಂಡು ಹೋಗ್ರಿ. ಕೈಯಾಗೆ ಒಂದಿಷ್ಟು ಬಾಳೆಹಣ್ಣು ಇರ್ಲಿ. ಪ್ರೀತಿಯಿಂದ ಮಾತಾಡ್ತಾರೆ" ಅಂದೆ.

ನಮ್ಮ ಕಡೆ ಬಿಳಿ ಅಂಗಿ ಹಾಕಿಕೊಂಡು, ಬಾಳೆಹಣ್ಣು ಹಿಡಿದು, ಒಬ್ಬನ ನಡತೆ ಹೇಗೆ, ಕುಡಿಯುತ್ತಾನಾ, ಮನೆ ಕಡೆ ಹೇಗೆ ಅಂತ ಯಾರಾದರೂ ಕೇಳಿಕೊಂಡು ಬಂದರೆ ಅದು ಒಂದೇ ಕಾರಣಕ್ಕೆ. ಹೆಣ್ಣು ಕೊಡುವುದಕ್ಕೆ.

ಹಾಲಿನ ಡೇರಿ ಮುಂದೆ ಕುಂತಿದ್ದ ಹಿರಿಯರೊಬ್ಬರು ಎಲ್ಲ ಪ್ರಶ್ನೆಗೂ ಸಮಾಧಾನವಾಗಿ ಉತ್ತರ ಕೊಟ್ಟು, ಆಮೇಲೆ ದನಿ ತಗ್ಗಿಸಿದರಂತೆ. "ಅಲ್ಲಾ ಸ್ವಾಮಿ, ಅವಂಗೆ ಮದುವೆ ಆಗೈತೆ. ನಿಮಗೆ ಗೊತ್ತೈತಾ?"

"ಗೊತ್ತು ಗೊತ್ತು. ಅದರಿಂದ ನಮಗೇನೂ ತೊಂದರೆ ಇಲ್ಲ. ನಮಗೆ ನಡತೆ ಮುಖ್ಯ."

ಹಿರಿಯರು ಬೀಡಿ ಆರಿಸಿದರು. "ಹೆಂಡ್ತಿ ಒಪ್ಪವ್ಳಾ?"

"ಒಪ್ಪದೆ ಏನು? ಅವರಿಗೂ ಅನುಕೂಲವೇ. ಅರ್ಧ ವಾರ ಅವನು ದುರ್ಗದಲ್ಲೇ ಇರ್ತಾನೆ. ಊಟ, ವಸತಿ, ಬಟ್ಟೆ, ಎಲ್ಲಾ ಆ ಕಡೆಯವರದ್ದೇ."

"ಬಟ್ಟೆನೂ ಅವ್ರೇ ಕೊಡ್ತಾರಾ!"

"ಅಳತೆನೂ ತಗೊಂಡಾಗಿದೆ."

ಕಾನ್‌ಸ್ಟೇಬಲ್ ಕಾಫಿ ಮುಗಿಸುವ ಮೊದಲೇ ಸುದ್ದಿ ಮೀಸೆಯ ಮನೆ ಮುಟ್ಟಿತು. ಅವನ ಹೆಂಡತಿ ಕುರಿ ಕಾಯುವ ಕೋಲು ಹಿಡಿದೇ ಬಂದರು. "ಎಲ್ಲಿ ಅವನು, ನನ್ನ ಗಂಡಂಗೆ ಸಂಬಂಧ ತಂದೋನು?" ಕಾನ್‌ಸ್ಟೇಬಲ್ ತಾನು ಪೊಲೀಸ್ ಅಂತ ಹೇಳುವಷ್ಟರಲ್ಲಿ ಓಡಬೇಕಾಗಿ ಬಂತು. ಓಡುತ್ತ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ.

ಆಯಮ್ಮ ಅಲ್ಲಿಗೇ ಬಿಡಲಿಲ್ಲ. ಬಸ್ಸು ಹತ್ತಿ ಸೀದಾ ನಮ್ಮ ಆಫೀಸಿಗೆ ಬಂದು, ಟೇಪು ಹಿಡಿದು ಮೀಸೆಯ ಎದೆ ಅಳೆಯುತ್ತಿದ್ದ ಭಾಯ್ ಅವರನ್ನು ನೋಡಿ, "ಬಟ್ಟೆ ಕೊಡೋರು ನೀವೇ ಏನ್ರಿ? ಎಲ್ಲಿ ನಿಮ್ಮ ಮಗಳು, ತೋರಿಸ್ರಿ!" ಅಂದರು. ಭಾಯ್‌ಗೆ ಇರುವ ಮೂವರೂ ಗಂಡುಮಕ್ಕಳು. ಅದನ್ನು ನಂಬಿಸಲು ಮೂವರನ್ನೂ ಕರೆಸಬೇಕಾಯಿತು.

ಸಂಜೆ ಕಾನ್‌ಸ್ಟೇಬಲ್ ಬಂದರು. ಬಿಳಿ ಅಂಗಿ ಬಿಳಿಯಾಗಿರಲಿಲ್ಲ. ಭಾಯ್ ಹೆದರಿ, "ಸಾರ್, ರಿಪೋರ್ಟು?" ಅಂದರು.

"ನಡತೆ ಉತ್ತಮ ಅಂತ ಬರೀತೀನಿ. ಆದ್ರೆ ಭಾಯ್, ಒಂದು ಮಾತು. ಆ ಕೆಲಸ ಅವನಿಗೆ ಯಾಕೆ ಕೊಡ್ತೀರಿ? ಆಯಮ್ಮಂಗೆ ಕೊಡ್ರಿ."

ಪ್ರಥಮ ಚಿಕಿತ್ಸೆ

ಗಾರ್ಡುಗಳಿಗೆ ತರಬೇತಿ ಕಡ್ಡಾಯ. ಬೆಂಕಿ ಆರಿಸುವುದು, ಜನ ಸಂಭಾಳಿಸುವುದು, ಪ್ರಜ್ಞೆ ತಪ್ಪಿದವರನ್ನು ನೋಡಿಕೊಳ್ಳುವುದು. ಚಂದ್ರವಳ್ಳಿ ಕೆರೆ ಪಕ್ಕದ ಬಯಲಲ್ಲಿ ಮಿಲಿಟರಿಯಿಂದ ನಿವೃತ್ತರಾದ ಒಬ್ಬ ಸುಬೇದಾರರು ಹೇಳಿಕೊಡುತ್ತಿದ್ದರು. ಬೆಳಗ್ಗೆಯಿಂದ ಕವಾಯತು ಮಾಡಿಸಿ, ದುರ್ಗದ ಬಂಡೆಗಳು ಕಾದು ಕೆಂಡವಾಗುವ ಹೊತ್ತಿಗೆ, "ಈಗ ಒಬ್ಬರು ರೋಗಿಯಾಗಿ ಮಲಗಬೇಕು" ಅಂದರು. ನಾನು ಮಲಗಿದೆ.

ಸುಮ್ಮನೆ ಮಲಗಿದ್ದರೆ ಸಾಕಿತ್ತು. ಸುಮ್ಮನೆ ಇರುವುದು ನನ್ನ ಜಾಯಮಾನವಲ್ಲ. ಕೈಕಾಲು ಒದರಿದೆ, ಕಣ್ಣು ಮೇಲೆ ಮಾಡಿದೆ, ಹಲ್ಲು ಕಡಿದೆ. ಸುಬೇದಾರರೇ ಎರಡು ಹೆಜ್ಜೆ ಹಿಂದೆ ಸರಿದರು.

"ಲೇ, ನಿಜವಾಗ್ಲೂ ಬಂದೈತೆ ಕಣ್ರೋ!" ಅಂತ ಮೀಸೆ ಕೂಗಿದ.

ನಮ್ಮ ಕಡೆ ಫಿಟ್ಸ್ ಬಂದವರಿಗೆ ಮಾಡುವುದು ಎರಡೇ. ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಚರ್ಮದ ವಾಸನೆ ತೋರಿಸುವುದು. ಮೊದಲು ಕೈಗೆ ಬೀಗದ ಕೈ ಗೊಂಚಲು ಬಂತು. ಆಮೇಲೆ ಮೂಗಿಗೆ ಮೀಸೆಯ ಬೂಟು ಬಂತು. ಸಾಕ್ಸ್ ಇಲ್ಲದೆ ಬೆಳಗ್ಗೆಯಿಂದ ಹಾಕಿದ ಬೂಟು. ನಾನು "ನಾಟಕ ಕಣ್ರೋ!" ಅನ್ನಬೇಕು ಅಂತ ಬಾಯಿ ತೆರೆದೆ. ಬಾಯಿ ತೆರೆದದ್ದು ಇನ್ನೂ ದೊಡ್ಡ ತಪ್ಪಾಯಿತು.

"ಇನ್ನೂ ಒದರ್ತಾ ಅವ್ರೆ! ಎಲ್ಲಾರೂ ಬಿಚ್ರಿ!"

ಸಾಲಾಗಿ ಬಂದರು. ತರಬೇತಿಯಲ್ಲಿ ಅಷ್ಟು ಶಿಸ್ತಾಗಿ ಅವರು ಸಾಲು ನಿಂತದ್ದು ಅದೊಂದೇ ಸಲ. ಮೂರನೇ ಜೋಡಿಯೋ ನಾಲ್ಕನೆಯದೋ, ನಾನು ಚಂಗನೆ ಎದ್ದು ಕೆರೆ ಕಡೆ ಓಡಿದೆ.

ಸುಬೇದಾರರು ಸಿಟ್ಟಾದರು. "ಇದು ಯಾವ ಸಿಲಬಸ್‌ನಲ್ಲಿದೆ?"

"ಸಿಲಬಸ್ ಗೊತ್ತಿಲ್ಲ ಸಾರ್" ಅಂದ ಮೀಸೆ, ಬೂಟು ಹಾಕಿಕೊಳ್ಳುತ್ತ. "ಪೇಶೆಂಟ್ ಓಡ್ತಾ ಅವ್ರೆ ನೋಡ್ರಿ."

ಮೂರನೆಯವರ ಮಾಲು

ಇನ್ನು ವಿಮೆ. ನಮ್ಮ ಗಾರ್ಡಿನ ತಪ್ಪಿನಿಂದ ಬೇರೆ ಯಾರಿಗಾದರೂ ನಷ್ಟವಾದರೆ ತುಂಬಿಕೊಡುವ ಪಾಲಿಸಿ ಬೇಕಿತ್ತು. ಕೊಡುವ ಮೊದಲು ನಮ್ಮ ಕೆಲಸ ಕಣ್ಣಾರೆ ನೋಡಬೇಕು ಅಂತ ಹಿರಿಯೂರಿನಿಂದ ವಿಮೆ ಅಧಿಕಾರಿ ಬಂದರು. ಐಮಂಗಲದ ಹತ್ತಿರ ಹೈವೇ ಪಕ್ಕ ಮೆಕ್ಕೆಜೋಳದ ಗೋಡೌನು ಒಂದಿದೆ. ಮೀಸೆಯನ್ನು ಅಲ್ಲಿ ಹಾಕಿದ್ದೆವು. ಅಧಿಕಾರಿಯನ್ನು ಅಲ್ಲಿಗೇ ಕರೆದುಕೊಂಡು ಹೋದೆವು.

ಅಧಿಕಾರಿ ಕುರ್ಚಿ ಮೇಲೆ ಕುಂತು ಕೇಳಿದರು. "ನಿಮ್ಮ ಗಾರ್ಡ್‌ಗಳಿಂದ ಇಲ್ಲಿನ ಮಾಲಿಗೆ ನಷ್ಟ ಆಗೋ ಸಂಭವ ಎಷ್ಟಿದೆ?"

"ಇಲ್ವೇ ಇಲ್ಲ ಸಾರ್" ಅಂದರು ಭಾಯ್.

ಅಷ್ಟರಲ್ಲಿ ಒಂದು ಲಾರಿ ಹಿಮ್ಮುಖವಾಗಿ ಗೋಡೌನಿನೊಳಗೆ ಬರುತ್ತಿತ್ತು. ಡ್ರೈವರಿಗೆ ದಾರಿ ತೋರಿಸಲು ಮೀಸೆ ಸೀಟಿ ಊದಿದ. ಸೀಟಿಯಿಂದ ಬರೀ ಉಸಿರು ಬಂತು. ಸೀಟಿಯೊಳಗಿನ ಕಾಳು ಎಲ್ಲಿ ಹೋಗಿತ್ತು ಅಂತ ನನ್ನನ್ನು ಕೇಳಬೇಡಿ. ನನ್ನ ಜೇಬಲ್ಲಿತ್ತು.

ಲಾರಿ ಗೋಡೆಗೆ ಬರುತ್ತಿದೆ. ಮೀಸೆ ಸೀಟಿ ಬಿಸಾಕಿ, ಹುಟ್ಟಿದಾಗಿನಿಂದ ತನಗೆ ಗೊತ್ತಿದ್ದ ಕೂಗನ್ನೇ ಕೂಗಿದ. "ಹುರ್ರ್ರ್ ಬಾ! ಬಾ ಬಾ ಬಾ! ಹುರ್ರ್ರ್!"

ಲಾರಿ ಸರಿಯಾಗಿ ನಿಂತಿತು. ಲಾರಿಯ ಹಿಂದಿನಿಂದ ಕುರಿಗಳು ಬಂದವು.

ಮೀಸೆಯ ತಮ್ಮ ಹೈವೇ ಪಕ್ಕದಲ್ಲಿ ಮೇಯಿಸುತ್ತಿದ್ದ ಮಂದೆ ಅದು. ಎಷ್ಟೋ ದಿನದ ಮೇಲೆ ಹಳೇ ಯಜಮಾನನ ದನಿ ಕೇಳಿ ಬಂದಿದ್ದವು. ಬಂದವು ಮೀಸೆಯ ಕಾಲು ನೆಕ್ಕಿದವು, ಪಕ್ಕಕ್ಕೆ ನೋಡಿದವು, ಮೆಕ್ಕೆಜೋಳದ ರಾಶಿ ಕಂಡಿತು. ಮೀಸೆ ಅವನ್ನು ಓಡಿಸಲು ಕೂಗಿದಷ್ಟೂ ಉಳಿದವೂ ಬಂದವು.

ಎಲ್ಲ ಹೊರಗೆ ಹೋಗುವ ಹೊತ್ತಿಗೆ ರಾಶಿಗೆ ಒಂದು ಮೂಲೆ ಇರಲಿಲ್ಲ. ಅಧಿಕಾರಿ ಕುರ್ಚಿಯ ಮೇಲೆ ನಿಂತಿದ್ದರು. ಅಲ್ಲಿಂದಲೇ ಕೇಳಿದರು. "ಹೋದ ಮಾಲನ್ನ ವಾಪಸ್ ಪಡೆಯೋಕೆ ಏನಾದ್ರೂ ಅವಕಾಶ ಐತಾ?"

ಮೀಸೆ ಯೋಚನೆ ಮಾಡಿ ಹೇಳಿದ. "ಐತೆ ಸಾರ್. ಬೆಳಿಗ್ಗೆ ತನಕ ಕಾಯ್ಬೇಕು."

ಭಾಯ್ ತಲೆ ಮೇಲೆ ಕೈ ಹೊತ್ತು ಕುಂತರು. ಪಾಲಿಸಿ ಹೋಯಿತು, ಗಾಳಿಯಂತ್ರ ಹೋಯಿತು, ಕಾಜಾ ಬಂತು ಅಂತ ಅವರ ಮುಖದಲ್ಲೇ ಬರೆದಿತ್ತು. ಗೋಡೌನಿನ ಯಜಮಾನ ಮಾತ್ರ ಅಷ್ಟು ಬೇಜಾರು ಮಾಡಿಕೊಳ್ಳಲಿಲ್ಲ. "ಲೇ ಮೀಸೆ, ನಿನ್ನ ತಮ್ಮಂಗೆ ಹೇಳು. ಈ ವಾರ ಮಂದೆನ ನನ್ನ ಹೊಲದಾಗೆ ನಿಲ್ಲಿಸ್ಲಿ. ಗೊಬ್ಬರ ಬೀಳ್ಲಿ, ಲೆಕ್ಕ ಸರಿಹೋತು" ಅಂದ. ನಮ್ಮ ಕಡೆ ಕುರಿ ಮಂದೆ ಹೊಲದಲ್ಲಿ ತಂಗಿತೆಂದರೆ ಅದಕ್ಕೆ ಬೆಲೆಯೇ ಬೇರೆ.

ಅಧಿಕಾರಿ ಕುರ್ಚಿಯಿಂದ ಇಳಿದರು. "ನನ್ನ ಇಡೀ ಸರ್ವೀಸಿನಾಗೆ ಕ್ಲೇಮು ಇಷ್ಟು ಬೇಗ ಇತ್ಯರ್ಥ ಆಗಿದ್ದು ನೋಡಿಲ್ಲ" ಅಂದರು. ಪಾಲಿಸಿ ಕೊಟ್ಟರು. ಕೊನೆಯ ಪುಟದಲ್ಲಿ ಮಾತ್ರ ಒಂದು ಷರತ್ತು ಸೇರಿಸಿದರು: 'ಗಾರ್ಡಿನ ಬಾಯಿಂದ ನೇರವಾಗಿ ಹೊರಡುವ ಶಬ್ದಗಳಿಂದಾದ ನಷ್ಟಕ್ಕೆ ಈ ವಿಮೆ ಅನ್ವಯಿಸುವುದಿಲ್ಲ.' ನಂಬಿಕೆ ಇಲ್ಲದವರು ಆಫೀಸಿಗೆ ಬಂದು ನೋಡಬಹುದು. ಆ ಪುಟ ಮಾತ್ರ ಎಲ್ಲೋ ಹರಿದು ಹೋಗಿದೆ.

ಕಲ್ಲಿನ ಆ ಕಡೆ

ಎಲ್ಲ ಆಯಿತು. ಉಳಿದದ್ದು ಒಂದೇ. ಇನ್‌ಸ್ಪೆಕ್ಟರ್ ಒಬ್ಬರು ಬಂದು, ನಮ್ಮ ಗಾರ್ಡುಗಳು ಕೆಲಸ ಮಾಡುವ ಜಾಗ ನೋಡಿ, ರಿಪೋರ್ಟು ಬರೆಯಬೇಕು. ಅವರು ಒಳ್ಳೆಯದು ಬರೆದರೆ ಲೈಸೆನ್ಸು, ಇಲ್ಲದಿದ್ದರೆ ಇಲ್ಲ. ಗಾಳಿಯಂತ್ರದ ಗುಡ್ಡದಲ್ಲಿ ಪರೀಕ್ಷೆಗೆಂದು ಕಂಪನಿಯವರು ಕೆಲವು ದಿನ ನಮ್ಮವರನ್ನು ನಿಲ್ಲಿಸಿಕೊಂಡಿದ್ದರು. ಅಲ್ಲಿಗೇ ಬರುತ್ತೇನೆ ಅಂದರು ಇನ್‌ಸ್ಪೆಕ್ಟರು.

ಭಾಯ್ ಮೀಸೆಯನ್ನು ಗುಡ್ಡಕ್ಕೆ ಹಾಕಿದ್ದರು. "ಅಲ್ಲಿ ಕುರಿ ತಿನ್ನೋ ಅಂಥದ್ದು ಏನೂ ಇಲ್ಲ. ಗಾಳಿಯಂತ್ರ ತಿಂದ್ರೆ ತಿನ್ಲಿ" ಅಂತ ಧೈರ್ಯ.

ಆ ಗುಡ್ಡಕ್ಕೆ ಒಂದು ವಿಶೇಷ ಇದೆ. ನೆತ್ತಿಯ ಮೇಲೆ ಗಡಿ ಕಲ್ಲು. ಈ ಕಡೆ ನಮ್ಮ ಚಿತ್ರದುರ್ಗ ಜಿಲ್ಲೆ, ಆ ಕಡೆ ದಾವಣಗೆರೆ ಜಿಲ್ಲೆ. ನಮ್ಮ ಲೈಸೆನ್ಸು ಒಂದೇ ಜಿಲ್ಲೆಯದು. ಐದು ಜಿಲ್ಲೆಗೆ, ಇಡೀ ರಾಜ್ಯಕ್ಕೆ ಬೇಕೆಂದರೂ ತಗೊಳ್ಳಬಹುದು, ಭಾಯ್ ತಗೊಂಡಿರಲಿಲ್ಲ. ಹೀಗಾಗಿ ಅವತ್ತು ಬೆಳಿಗ್ಗೆ ನಾನು ಮೀಸೆಯನ್ನು ಕಲ್ಲಿನ ಹತ್ತಿರ ನಿಲ್ಲಿಸಿ ಹೇಳಿದೆ. "ನೋಡಪ್ಪ, ಇವತ್ತು ಇನ್‌ಸ್ಪೆಕ್ಟರ್ ಬರ್ತಾರೆ. ಈ ಕಲ್ಲು ದಾಟಿ ನೀನು ಡ್ಯೂಟಿ ಮಾಡೋ ಹಂಗಿಲ್ಲ. ಹೆಬ್ಬೆರಳು ಇಟ್ರೂ ಲೈಸೆನ್ಸ್ ರದ್ದು. ಅಡ್ಡಡ್ಡ ಬಿದ್ದು ಎರಡೂ ಕಾಲು ಮುರ್ಕಂಡ್ರೆ, ಈ ಕಡೆ ಇರೋ ಕಾಲಿಗೆ ಮಾತ್ರ ವಿಮೆ."

ಇದರಲ್ಲಿ ಮೊದಲನೆಯ ಮಾತು ಕಾನೂನು. ಉಳಿದವು ನನ್ನವು. ಮೀಸೆ ಎಲ್ಲವನ್ನೂ ಒಂದೇ ಅಂತ ತಗೊಂಡ.

ಮಧ್ಯಾಹ್ನ ಭಾಯ್, ನಾನು, ಇನ್‌ಸ್ಪೆಕ್ಟರು ಜೀಪಿಳಿದು ಗುಡ್ಡ ಹತ್ತಿದೆವು. ಮೇಲೆ ಹೋಗಿ ನೋಡಿದರೆ, ಗಾಳಿಯಂತ್ರದ ನೆರಳಲ್ಲಿ ಒಂದು ಹಳೇ ಮೊಪೆಡ್ಡು. ಅದರ ಮೇಲೆ ಮೀಸೆ ಕುಂತು ಊಟದ ಗಂಟು ಬಿಚ್ಚುತ್ತಿದ್ದಾನೆ. ಗಡಿ ಕಲ್ಲಿನ ಆ ಕಡೆ, ಹತ್ತು ಮಾರು ದೂರದಲ್ಲಿ, ಒಂದು ಪೊದೆಯ ಪಕ್ಕ ಇನ್ನೊಬ್ಬ ಕುಂತಿದ್ದಾನೆ. ಹೆಗಲ ಮೇಲೆ ತಾಮ್ರದ ಕೇಬಲ್ಲಿನ ಸುರುಳಿ. ಏದುಸಿರು.

"ಯಾರಯ್ಯಾ ಅವನು?" ಅಂದರು ಇನ್‌ಸ್ಪೆಕ್ಟರ್.

ಮೀಸೆ ಎದ್ದು ಸೆಲ್ಯೂಟ್ ಹೊಡೆದ. "ಕಳ್ಳ ಸಾರ್."

ಭಾಯ್ ಮುಖ ಲೈನಿಂಗ್ ಬಟ್ಟೆಯ ಹಾಗೆ ಬೆಳ್ಳಗಾಯಿತು.

ನಡೆದದ್ದು ಇಷ್ಟು. ಕೇಬಲ್ ಕತ್ತರಿಸುತ್ತಿದ್ದವನನ್ನು ಮೀಸೆ ಕಂಡ, ಅಟ್ಟಿಸಿಕೊಂಡು ಹೋದ, ಇನ್ನೇನು ಅಂಗಿ ಕೈಗೆ ಸಿಗಬೇಕು, ಅವನು ಕಲ್ಲು ಹಾರಿದ. ಮೀಸೆ ಬ್ರೇಕ್ ಹಾಕಿದವನಂತೆ ನಿಂತ. ಕಳ್ಳ ಒಂದಿಷ್ಟು ದೂರ ಓಡಿ, ಹಿಂದೆ ಯಾರೂ ಬರದೇ ಇದ್ದದ್ದು ನೋಡಿ, ತಾನೂ ನಿಂತನಂತೆ.

"ಯಾಕಣ್ಣ, ನಿಂತ್ಬಿಟ್ಟೆ?"

"ನಮ್ದು ಲೈಸೆನ್ಸು ಇಲ್ಲೀತನಕ ಅಷ್ಟೇ ಕಣಪ್ಪ."

"ಓ. ಹಂಗಾದ್ರೆ ನಾನು ಬರ್ಲಾ?"

"ಹೋಗು. ಆದ್ರೆ ನಿನ್ನ ಗಾಡಿ ಈ ಕಡೆ ಐತಲ್ಲ."

ಕಳ್ಳ ಆಗ ನೋಡಿಕೊಂಡ. ಮೊಪೆಡ್ಡು ನಮ್ಮ ಜಿಲ್ಲೆಯಲ್ಲಿ ಉಳಿದಿತ್ತು. ಆವಾಗಿನಿಂದ ಇವನು ಇಲ್ಲಿ, ಅವನು ಅಲ್ಲಿ.

ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. "ಏನ್ರಿ ಇದು? ಕಳ್ಳ ಕಣ್ಮುಂದೆ ಕುಂತಾನೆ, ನೀವು ಊಟಕ್ಕೆ ಕುಂತೀರಿ! ಹೋಗ್ರಿ, ಹಿಡೀರಿ!"

"ಆಗಲ್ಲ ಸಾರ್."

"ಏನಂದೆ?"

"ಕಾನೂನು ಸಾರ್. ಆ ಕಡೆ ಕಾಲಿಟ್ರೆ ಲೈಸೆನ್ಸ್ ಹೋಗ್ತೈತೆ. ಭಾಯ್ ಕಾಜಾ ಹಾಕ್ಬೇಕಾಗ್ತೈತೆ. ನೀವೇ ಹಿಡೀರಿ ಸಾರ್, ನಿಮಗೇನು ಲೈಸೆನ್ಸ್ ಬೇಡವಲ್ಲ."

ಭಾಯ್ "ಯಾ ಅಲ್ಲಾ" ಅಂತ ಕಣ್ಣು ಮುಚ್ಚಿದರು. ನಾನು ಗಾಳಿಯಂತ್ರದ ರೆಕ್ಕೆ ನೋಡತೊಡಗಿದೆ, ಬಹಳ ಆಸಕ್ತಿಯಿಂದ.

ಇನ್‌ಸ್ಪೆಕ್ಟರ್ ದಡದಡ ಕಲ್ಲಿನ ತನಕ ಹೋದರು. ಬೂಟುಗಾಲು ಎತ್ತಿದರು. ಆಗ ಕಳ್ಳ ಆ ಕಡೆಯಿಂದ ವಿನಯವಾಗಿ ಹೇಳಿದ. "ಸಾರ್, ಇದು ಆ ಕಡೆ ಠಾಣೆಗೆ ಸೇರ್ತೈತೆ ಸಾರ್."

ಎತ್ತಿದ ಕಾಲು ಗಾಳಿಯಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಈ ಕಡೆಯೇ ಇಳಿಯಿತು. "ಹಿಡಿಯಾಕೆ ಬರ್ತೈತೆ. ಬರಲ್ಲ ಅಂತಲ್ಲ" ಅಂದರು ನಮ್ಮ ಕಡೆ ತಿರುಗಿ. "ಆದ್ರೆ ಆಮೇಲೆ ಆ ಠಾಣೆಗೆ ಹೋಗ್ಬೇಕು, ಅವರಿಗೆ ಒಪ್ಪಿಸ್ಬೇಕು, ಅವರ ಪಂಚನಾಮೆ, ನಮ್ಮ ಪಂಚನಾಮೆ… ಸಂಜೆ ಮಗಳ ಸ್ಕೂಲ್‌ಡೇ ಬೇರೆ ಐತೆ." ಹೇಳುತ್ತ ಹೇಳುತ್ತ ಕಲ್ಲಿನ ಮೇಲೆ ಕುಂತೇ ಬಿಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. "ಊಟಕ್ಕೆ ಏನ್ ತಂದೀಯಪ್ಪ?"

"ಸಜ್ಜೆ ರೊಟ್ಟಿ, ಕಡ್ಲೆಬೀಜದ ಚಟ್ನಿ ಸಾರ್. ಹಸಿ ಈರುಳ್ಳಿ. ಕುಂತ್ಕಳ್ರಿ, ಎಲ್ಲಾರಿಗೂ ಆಗ್ತೈತೆ."

ಎಲ್ಲರೂ ನೆರಳಿಗೆ ಕುಂತೆವು. ಮೀಸೆ ರೊಟ್ಟಿ ಹಂಚಿದ. ತಾನು ಒಂದು ತುತ್ತು ಮುರಿದು ಬಾಯಿಗೆ ಇಡಬೇಕು, ಎದುರಿಗೆ ಒಬ್ಬ ನೋಡುತ್ತಾ ಕುಂತಿದ್ದಾನೆ. ನೋಡುತ್ತ ಕುಂತವನನ್ನು ಕರೆಯದೆ ಉಣ್ಣುವುದು ನಮ್ಮ ಹಳ್ಳಿಗಳಲ್ಲಿ ಹುಟ್ಟಿದವನ ಗಂಟಲಿಗೆ ಇಳಿಯುವುದಿಲ್ಲ. ಮೀಸೆಯ ಬಾಯಿಂದ ತಾನಾಗಿ ಬಂತು. "ಬಾರಪ್ಪ, ಊಟ ಮಾಡಾಣ."

"ಇಲ್ಲಣ್ಣ, ನೀವು ಮಾಡ್ರಿ" ಅಂದ ಕಳ್ಳ. ಮೊದಲ ಸಲ ಹಾಗೇ ಅನ್ನಬೇಕು.

"ಏ, ಬಾರಪ್ಪ ಅಂದ್ರೆ. ಒಂದು ರೊಟ್ಟಿ ತಿನ್ನು ಬಾ."

ಎರಡನೇ ಸಲ ಕರೆದ ಮೇಲೂ ಹೋಗದಿದ್ದರೆ ಕರೆದವರಿಗೆ ಅವಮಾನ. ಕಳ್ಳನೂ ಹಳ್ಳಿಯವನೇ. ಎದ್ದ. ಕೇಬಲ್ ಸುರುಳಿ ಸರಿಮಾಡಿಕೊಂಡ. ಇನ್‌ಸ್ಪೆಕ್ಟರಿಗೆ "ನಮಸ್ಕಾರ ಸಾರ್" ಅಂತ ಹೇಳಿ, ಕಲ್ಲು ದಾಟಿ ಬಂದು, ಕೇಬಲ್ ಕೆಳಗಿಟ್ಟು, ಕೈ ತೊಳೆದು ನಮ್ಮ ಪಕ್ಕ ಕುಂತ.

ಇನ್‌ಸ್ಪೆಕ್ಟರ್ ರೊಟ್ಟಿ ಹಿಡಿದ ಕೈಯಿಂದಲೇ ಮೀಸೆಗೆ ಸನ್ನೆ ಮಾಡಿದರು, ಹಿಡಿ ಅಂತ. ಮೀಸೆ ತಲೆ ಅಲ್ಲಾಡಿಸಿದ. "ಉಣ್ಣೋನ ಕೈ ಹಿಡಿಬಾರ್ದು ಸಾರ್. ಉಣ್ಲಿ."

ಭಾಯ್ ಒಂದು ತುತ್ತೂ ನುಂಗಲಿಲ್ಲ. ಕಳ್ಳ ಎರಡು ರೊಟ್ಟಿ ತಿಂದ, ಚಟ್ನಿಗೆ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿಯಾಗಿದೆ ಅಂದ, ನೀರು ಕುಡಿದ, ಕೈ ತೊಳೆದ. ಆ ಒದ್ದೆ ಕೈಯನ್ನೇ ಮೀಸೆ ಗಟ್ಟಿಯಾಗಿ ಹಿಡಿದುಕೊಂಡ.

"ಹೊಟ್ಟೆ ತುಂಬ್ತಾ?"

"ತುಂಬ್ತಣ್ಣ."

"ಹಂಗಾದ್ರೆ ನಡಿ. ಈಗ ನೀನು ಚಿತ್ರದುರ್ಗ ಜಿಲ್ಲೆಯಾಗೆ ಇದೀಯ."

ಕಳ್ಳನನ್ನು ಜೀಪಿಗೆ ಹತ್ತಿಸಿಯಾಯಿತು. ಭಾಯ್ ಕೈ ಮುಗಿದುಕೊಂಡು ಇನ್‌ಸ್ಪೆಕ್ಟರ್ ಮುಂದೆ ನಿಂತರು. "ಸಾರ್, ರಿಪೋರ್ಟು…"

"ರೀ, ನಾನು ಎಷ್ಟೋ ಏಜೆನ್ಸಿ ನೋಡೀನಿ. ಲೈಸೆನ್ಸಿನ ಷರತ್ತು ಏನು ಅಂತ ಮಾಲೀಕರಿಗೇ ಗೊತ್ತಿರಲ್ಲ. ಕಳ್ಳನ್ನ ಬೇಕಾದ್ರೆ ಬಿಡ್ತೀನಿ, ಷರತ್ತು ಮುರಿಯಲ್ಲ ಅನ್ನೋ ಗಾರ್ಡನ್ನ ಇವತ್ತೇ ನೋಡಿದ್ದು. ಹಂಗೇ ಬರೀತೀನಿ."

ಬರೆದರು. ಲೈಸೆನ್ಸು ಬಂತು. ಗುಡ್ಡದ ಕೆಲಸ ನಮಗೇ ಆಯಿತು. ಕೆಲಸ ಕಾಯಂ ಆದ ದಿನ ಭಾಯ್ ಆಫೀಸಿನಲ್ಲಿ ಎಲ್ಲರಿಗೂ ಬಿರಿಯಾನಿ ಹಾಕಿಸಿದರು. ಖುಷಿ ತಡೆಯಲಾರದೆ ಎದ್ದು ನಿಂತು ಘೋಷಣೆ ಮಾಡಿದರು. "ಇನ್ನು ಆ ಗಡಿ ಕಲ್ಲಿನ ಸಮಸ್ಯೆ ಇರಬಾರದು. ನಾಳೆನೇ ಅರ್ಜಿ ಹಾಕ್ತೀನಿ. ಒಂದಲ್ಲ, ಐದು ಜಿಲ್ಲೆಗೆ ಲೈಸೆನ್ಸ್ ತಗಳ್ತೀನಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೀಸೆ ಮಾತ್ರ ತಟ್ಟೆ ಕೆಳಗಿಟ್ಟು, ಗಾಬರಿಯಿಂದ ಎದ್ದು ನಿಂತ.

"ಬ್ಯಾಡ್ರಿ ಭಾಯ್. ಅಷ್ಟು ದೂರ ಓಡೋರು ಯಾರು?"